ಹಣ್ಣಿನ ಜ್ಯೂಸು, ಆರೋಗ್ಯದ ಮಾತು, ನಮ್ಮ ನಾಲಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡದಲ್ಲಿ ಹಣ್ಣಿನ ಸ್ಕ್ವಾಷು (ನೀರು ಬೆರೆಸಿ ಕುಡಿಯುವ ಗಟ್ಟಿ ಸಿಹಿ ರಸ), ಜ್ಯೂಸು ಮಾಡಿ ಮಾರುವ ಸಣ್ಣ ಕೆಲಸ ನಮ್ಮದು. ನಾನು ಓದಿದ್ದೂ ಆಹಾರ ವಿಜ್ಞಾನವೇ. ಕೃಷಿ ಮೇಳದ ಮಳಿಗೆಯಲ್ಲಿ, ಮಹಿಳಾ ಸಂಘಗಳ ತರಬೇತಿಯಲ್ಲಿ, ಕೊನೆಗೆ ಮದುವೆ ಊಟದ ಪಂಕ್ತಿಯಲ್ಲೂ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಕೆಲವು ಗದಗ, ಹಾವೇರಿ ಕಡೆಯಿಂದ ಪತ್ರದಲ್ಲಿ ಬಂದವು. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲು ಕುಡಿಯುವವರು ಕೇಳಿದ್ದು, ಆಮೇಲೆ ಕೊಳ್ಳುವವರದು, ಕೊನೆಗೆ ಮಾಡಿ ಮಾರುವವರದು.

## ಕುಡಿಯುವವರು ಕೇಳಿದ್ದು

ಜ್ಯೂಸ್ ಕುಡದ್ರ ಹಣ್ಣು ತಿಂದಂಗ ಆತಲ್ರೀ?

ಪೂರ್ತಿ ಆಗುವುದಿಲ್ಲ. ಹಣ್ಣು ಹಿಂಡಿ ಸೋಸಿದಾಗ ನಾರು ಜರಡಿಯಲ್ಲೇ ಉಳಿಯುತ್ತದೆ, ಸಕ್ಕರೆ ಗ್ಲಾಸಿಗೆ ಇಳಿಯುತ್ತದೆ. ಮೂರು ಕಿತ್ತಳೆ ಸುಲಿದು ತಿನ್ನಲು ಹೊತ್ತು ಬೇಕು, ಹೊಟ್ಟೆಯೂ ತುಂಬುತ್ತದೆ. ಅದೇ ಮೂರರ ರಸ ನಾಲ್ಕು ಗುಟುಕು. ಮೇಲಿಂದ ಒಂದು ಚಮಚ ಸಕ್ಕರೆ ಹಾಕದಿದ್ದರೂ 200 ಮಿಲಿ ಕಿತ್ತಳೆ ರಸದಲ್ಲಿ 16ರಿಂದ 20 ಗ್ರಾಂ ಸಕ್ಕರೆ ಇರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಮಿತಿ ಹೇಳಿದಾಗ ಜ್ಯೂಸಿನಲ್ಲಿ ತಾನಾಗಿ ಇರುವ ಸಕ್ಕರೆಯನ್ನೂ ಆ ಲೆಕ್ಕಕ್ಕೆ ಸೇರಿಸಿತು. ಇಡೀ ಹಣ್ಣಿನೊಳಗಿನ ಸಕ್ಕರೆಯನ್ನು ಸೇರಿಸಲಿಲ್ಲ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಆ ಮಿತಿ 50 ಗ್ರಾಂ. 25 ಗ್ರಾಂ ಒಳಗೇ ಇದ್ದರೆ ಇನ್ನೂ ಒಳ್ಳೆಯದು.

ಜ್ಯೂಸ್ ಮಾರಿಕೊಂಡು ಹೀಗೆಲ್ಲ ಹೇಳ್ತೀಯಲ್ಲ ಅಂತ ನಮ್ಮನೆಯವರು ಗೊಣಗುತ್ತಾರೆ. ಆದರೆ ಧಾರವಾಡದಂಥ ಪೇರಲದ ಊರಲ್ಲಿ ಇದ್ದು ಪೇರಲ ಕಚ್ಚಿ ತಿನ್ನಿ ಅಂತ ಹೇಳದಿದ್ದರೆ ಹೇಗೆ? ವಿಟಮಿನ್ ಸಿ ಅದರಲ್ಲಿ ಕಿತ್ತಳೆಗಿಂತ ಸುಮಾರು ನಾಲ್ಕು ಪಟ್ಟು ಜಾಸ್ತಿ.

ಕಬ್ಬಿನ ಹಾಲು ದಿನಾ ಕುಡೀಬಹುದಾ?

ದಿನಾ ಬೇಡ. 100 ಮಿಲಿಯಲ್ಲಿ 13ರಿಂದ 15 ಗ್ರಾಂ ಸಕ್ಕರೆ ಇರುತ್ತದೆ, ಆದಷ್ಟು ಕಡಿಮೆ ಮಾಡಿ ಅಂತ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಮಾರ್ಗಸೂಚಿಯಲ್ಲೇ ಹೇಳಿದೆ. ಗಾಣದವನು ಕೊಡುವ ದೊಡ್ಡ ಗ್ಲಾಸು ಎಷ್ಟು ಹಿಡಿಯುತ್ತದೆ ನೋಡಿ, ಗುಣಿಸಿಕೊಳ್ಳಿ.

ಮಾವು ಉಷ್ಣ, ಪಪ್ಪಾಯಿ ಉಷ್ಣ ಅಂತ ನಮ್ಮ ಅತ್ತಿ ಜ್ಯೂಸ್ ಮುಟ್ಟಾಕ ಬಿಡೂದಿಲ್ಲ. ಇದು ಆರೋಗ್ಯದ ಮಾತಾ, ಸುಮ್ನೆ ನಂಬಿಕೀನಾ?

ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಆರೋಗ್ಯದ ಮಾಹಿತಿ ಅಂದ ಕೂಡಲೇ ನಾವು ಪ್ಯಾಕೆಟ್ಟಿನ ಮೇಲಿನ ಅಕ್ಷರ ನೋಡುತ್ತೇವೆ. ಆದರೆ ಹಣ್ಣಿಗೆ ಲೇಬಲ್ ಅಂಟಿಸುವ ಕೆಲಸವನ್ನು ನಮ್ಮ ಮನೆಗಳಲ್ಲಿ ಅಜ್ಜಿ, ಅತ್ತೆ ಯಾವಾಗಿನಿಂದಲೋ ಮಾಡುತ್ತಾ ಬಂದಿದ್ದಾರೆ. ಲಿಂಬು ತಂಪು. ಮುರುಗಲ, ಅಂದರೆ ಕೋಕಂ, ತಂಪು, ಪಿತ್ತಕ್ಕೂ ಒಳ್ಳೆಯದು. ಮಾವು ಉಷ್ಣ, ಅದಕ್ಕೇ ಸೀಕರಣೆಗೆ ಹಾಲು ಬೀಳಬೇಕು. ಅನಾನಸ್ಸು, ಪಪ್ಪಾಯಿ ಬಸುರಿಗೆ ಬೇಡ.

ಇದರ ಜೋರು ಎಷ್ಟು ಅಂತ ಮಳಿಗೆಯಲ್ಲಿ ನಿಂತರೆ ಗೊತ್ತಾಗುತ್ತದೆ. ಒಮ್ಮೆ ಪಪ್ಪಾಯಿಗೆ ಅನಾನಸ್ಸು ಸೇರಿಸಿ ಜ್ಯೂಸು ಮಾಡಿದ್ದೆವು. ಹುಡುಗಿಯರು ಕೈ ಚಾಚುತ್ತಿದ್ದರು, ಹಿಂದೆ ನಿಂತ ತಾಯಂದಿರು ಕೈ ಹಿಡಿದು ಎಳೆಯುತ್ತಿದ್ದರು. ರುಚಿ ಹೇಗಿದೆ ಅಂತ ನೋಡುವ ತನಕ ಮಾತು ಹೋಗಲೇ ಇಲ್ಲ. ಅದೇ ಏಪ್ರಿಲ್ ತಿಂಗಳಲ್ಲಿ ಮುರುಗಲ ಶರಬತ್ತಿನ ಮುಂದೆ ‘ತಂಪು’ ಅಂತ ಎರಡೇ ಅಕ್ಷರ ಬರೆದಿಟ್ಟರೆ ಸಾಕು. ವಿಟಮಿನ್ನಿನ ಉದ್ದ ಪಟ್ಟಿಗಿಂತ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಖರೆ-ಸುಳ್ಳಿನ ಮಾತು. ಹಸಿ ಪಪ್ಪಾಯಿಯ ಹಾಲಿನಂಥ ಸೊನೆಯ ವಿಷಯದಲ್ಲಿ ಬಸುರಿಯರು ಎಚ್ಚರ ಇರಬೇಕು ಅನ್ನುವುದಕ್ಕೆ ಕಾರಣ ಇದೆ. ಚೆನ್ನಾಗಿ ಮಾಗಿದ ಹಣ್ಣಿನ ಕಥೆ ಬೇರೆ. ಬಸುರಿ ಇದ್ದರೆ ಅತ್ತೆಯ ಜೊತೆ ವಾದ ಬೇಡ, ನಿಮ್ಮ ಡಾಕ್ಟರಿಗೆ ಕೇಳಿ. ಇಲ್ಲದಿದ್ದರೆ ಮಾವು ತಿಂದರೆ ಉಷ್ಣ ಆಗುತ್ತದೆ ಅನ್ನುವ ಅತ್ತೆಗೆ ಸೀಕರಣೆ ಮಾಡಿಕೊಡಿ, ಇಬ್ಬರೂ ಗೆದ್ದಂತೆ.

‘ಒಳ್ಳೇದು’ ಅಂತ ಹೇಳಿ ಕೊಟ್ರ ಜ್ಯೂಸಿನ ರುಚೀನ ಬದಲಾಗತೈತೇನ್ರೀ?

ಗ್ಲಾಸಿನಲ್ಲಿ ಇರುವುದು ಬದಲಾಗುವುದಿಲ್ಲ. ನಾಲಿಗೆಗೆ ಅನ್ನಿಸುವುದು ಬದಲಾಗುತ್ತದೆ. ಇದನ್ನು ತೋರಿಸಿದ ಒಂದು ಪ್ರಯೋಗದಲ್ಲಿ ಕುಡಿಯಲು ಕೊಟ್ಟದ್ದು ನಮ್ಮದೇ ಮಾವಿನ ಲಸ್ಸಿ. ಅಮೆರಿಕದಲ್ಲಿ ರಾಜಗೋಪಾಲ್ ರಘುನಾಥನ್ ಮತ್ತು ಇಬ್ಬರು ಜೊತೆಗಾರರು 2006ರಲ್ಲಿ ಪ್ರಕಟಿಸಿದ್ದು. ಲಸ್ಸಿ ಅಲ್ಲಿನವರಿಗೆ ಅಷ್ಟು ಪರಿಚಯ ಇಲ್ಲದ ಪಾನೀಯ. ಕೆಲವರಿಗೆ ಇದು ಆರೋಗ್ಯಕ್ಕೆ ಒಳ್ಳೆಯದು ಅಂತ ಹೇಳಿ ಕೊಟ್ಟರು. ಕೆಲವರಿಗೆ ಅಷ್ಟೇನೂ ಒಳ್ಳೆಯದಲ್ಲ ಅಂತ ಹೇಳಿದರು. ಎರಡೂ ಒಂದೇ ಲಸ್ಸಿ. ಒಳ್ಳೆಯದಲ್ಲ ಅಂತ ಕೇಳಿಸಿಕೊಂಡು ಕುಡಿದವರಿಗೇ ರುಚಿ ಜಾಸ್ತಿ ಅನ್ನಿಸಿತು.

ಮಜಾ ಮುಂದಿದೆ. ಫ್ರಾನ್ಸಿನಲ್ಲಿ ಇದೇ ಲಸ್ಸಿ ಇಟ್ಟುಕೊಂಡು ಇನ್ನೊಂದು ತಂಡ ಪರೀಕ್ಷೆ ಮಾಡಿತು, 2013ರಲ್ಲಿ ಪ್ರಕಟವಾಯಿತು. ಅಲ್ಲಿ ಫಲಿತಾಂಶ ಉಲ್ಟಾ. ಒಳ್ಳೆಯದು ಅಂತ ಕೇಳಿದವರೇ ರುಚಿ ಅಂದರು. ಅಂದರೆ ‘ಆರೋಗ್ಯ’ ಅನ್ನುವ ಮಾತು ಕಿವಿಗೆ ಬಿದ್ದಾಗ ಮನಸ್ಸಿನಲ್ಲಿ ಏನು ಏಳುತ್ತದೆ ಅನ್ನುವುದು ಊರಿಂದೂರಿಗೆ ಬೇರೆ. ಕೆಲವರಿಗೆ ಪಥ್ಯ ನೆನಪಾಗುತ್ತದೆ, ಕೆಲವರಿಗೆ ತೋಟದಿಂದ ಆಗಷ್ಟೇ ಕಿತ್ತ ಹಣ್ಣು.

ನಮ್ಮ ಕಡೆ? ನಾನು ನೋಡಿದ ಮಟ್ಟಿಗೆ ಒಂದೇ ಮನೆಯಲ್ಲಿ ಅಮೆರಿಕವೂ ಇದೆ, ಫ್ರಾನ್ಸೂ ಇದೆ. ಹಿರಿಯರು ಒಳ್ಳೆಯದು ಅಂದ ಕೂಡಲೇ ಇನ್ನೊಂದು ಗುಟುಕು ಕುಡಿಯುತ್ತಾರೆ. ಕಾಲೇಜು ಹುಡುಗರು ಗ್ಲಾಸು ಕೆಳಗಿಟ್ಟು ಗಿರ್ಮಿಟ್ ಕಡೆ ನೋಡುತ್ತಾರೆ.

ಶಕ್ತಿ ಬರತೈತಿ, ಚುರುಕ ಆಗ್ತಿ ಅಂತ ಎಷ್ಟ್ ಹೇಳಿದ್ರೂ ಹುಡುಗ್ರು ಜ್ಯೂಸ್ ಕುಡಿಯೂದಿಲ್ಲ. ಏನ್ ಮಾಡೂದು?

ಹೇಳುವುದನ್ನು ನಿಲ್ಲಿಸಿ ನೋಡಿ. ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ಮಾಡಿದ, 2014ರಲ್ಲಿ ಪ್ರಕಟವಾದ ಪ್ರಯೋಗಗಳು ಇವೆ. ಇದನ್ನು ತಿಂದರೆ ಗಟ್ಟಿ ಆಗುತ್ತೀ, ಎಣಿಸಲು ಬರುತ್ತದೆ ಅಂತ ಕಥೆ ಹೇಳಿ ಕೊಟ್ಟಾಗ ಮಕ್ಕಳು ಕಡಿಮೆ ತಿಂದವು. ಬಿಸ್ಕೀಟಿನಂಥದ್ದಕ್ಕೂ ಹಾಗೇ ಆಯಿತು, ಗಜ್ಜರಿಗೂ ಹಾಗೇ ಆಯಿತು. ಉಪಯೋಗದ್ದು ಅಂದರೆ ರುಚಿ ಇರಲಿಕ್ಕಿಲ್ಲ ಅನ್ನುವ ಲೆಕ್ಕ ಅಷ್ಟು ಸಣ್ಣ ತಲೆಯಲ್ಲೂ ಇದೆ. ಸುಮ್ನೆ ಹಣ್ಣು ಹೋಳು ಮಾಡಿ ಮುಂದಿಡಿ, ನೀವೂ ಒಂದು ಹೋಳು ಬಾಯಿಗೆ ಹಾಕಿಕೊಳ್ಳಿ.

## ಕೊಳ್ಳುವವರು ಕೇಳಿದ್ದು

ನೇರಳೆ ಜ್ಯೂಸ್ ಕುಡದ್ರ ಶುಗರ್ ಇಳಿತೈತಂತ. ಖರೇನಾ?

ಗುಳಿಗೆ ಬಿಟ್ಟು ನೇರಳೆ ಕುಡಿಯುವುದಾದರೆ ಖಂಡಿತ ಬೇಡ. ನೇರಳೆಯ ಹಣ್ಣು, ಬೀಜ ಎರಡನ್ನೂ ನಮ್ಮ ನಾಟಿ ಔಷಧಿಯಲ್ಲಿ ಸಕ್ಕರೆ ಕಾಯಿಲೆಗೆ ಬಳಸಿದ್ದು ನಿಜ. ಅದಕ್ಕೇ ಈ ಹಣ್ಣಿನ ಮೇಲೆ ಜನರಿಗೆ ಅಷ್ಟು ಭರವಸೆ. ಆದರೆ ಬಾಟಲಿಯಲ್ಲಿ ಬರುವುದು ಹಲವು ಸಲ ಸಕ್ಕರೆ ಸೇರಿಸಿದ ನೇರಳೆ. ಯಾಕೆ? ನೇರಳೆಯ ಒಗರು ನಾಲಿಗೆ ಹಿಡಿಯುತ್ತದೆ, ಬರೀ ರಸ ಬಹಳ ಜನಕ್ಕೆ ಸೇರುವುದಿಲ್ಲ. ಒಗರು ಮುಚ್ಚಲು ಸಕ್ಕರೆ ಹಾಕುತ್ತಾರೆ, ಹೊರಗೆ ಸಕ್ಕರೆ ಕಾಯಿಲೆಯವರ ಚಿತ್ರ ಹಾಕುತ್ತಾರೆ. ಹಿಂದುಗಡೆ ತಿರುಗಿಸಿ ‘ಸೇರಿಸಿದ ಸಕ್ಕರೆ’ ಎಷ್ಟು ಗ್ರಾಂ ಅಂತ ಓದಿ.

ಇನ್ನೊಂದು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವಂತಿಲ್ಲ. 1954ರ ಔಷಧ ಮತ್ತು ಪವಾಡ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಈ ಕಾಯಿಲೆ ಇದೆ. ಯಾರಾದರೂ ಹಾಗೆ ಬರೆದಿದ್ದರೆ ಆ ಬಾಟಲಿಯ ಉಳಿದ ಮಾತನ್ನೂ ನಂಬಬೇಡಿ.

ಪ್ಯಾಕೆಟ್ ಮ್ಯಾಲೆ ‘100% ಹಣ್ಣಿನ ರಸ’ ಅಂತ ಇರತಿತ್ತು. ಈಗ ಯಾಕ ಕಾಣವಲ್ದು?

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2024ರ ಜೂನ್‌ನಲ್ಲಿ ಅದನ್ನು ತೆಗೆಯಲು ಹೇಳಿತು. ಪ್ಯಾಕೆಟ್ಟಿನ ಎಷ್ಟೋ ಜ್ಯೂಸುಗಳು ಗಟ್ಟಿ ಮಾಡಿದ ರಸಕ್ಕೆ ಮತ್ತೆ ನೀರು ಕೂಡಿಸಿ ಮಾಡಿದವು. ಒಳಗೆ ಜಾಸ್ತಿ ಇರುವುದೇ ನೀರು ಅಂದಮೇಲೆ ನೂರಕ್ಕೆ ನೂರು ಅನ್ನುವುದು ದಾರಿ ತಪ್ಪಿಸುತ್ತದೆ ಅನ್ನುವುದು ಅದರ ವಾದ. ಕಿಲೋಗೆ 15 ಗ್ರಾಂಗಿಂತ ಜಾಸ್ತಿ ಸಕ್ಕರೆ ಸೇರಿಸಿದ್ದರೆ ‘ಸಿಹಿ ಸೇರಿಸಿದ ಜ್ಯೂಸ್’ ಅಂತ ಬರೆಯಲೇಬೇಕು.

ಮಾವಿನ ಪಾನೀಯ ಅಂತ ಅಂಗಡಿಯಲ್ಲಿ ಸಿಗುವುದು ಬೇರೆಯೇ ಜಾತಿ. ಹಾಗೇ ಕುಡಿಯುವ ಹಣ್ಣಿನ ಪಾನೀಯಕ್ಕೆ ನಿಯಮ ಕೇಳುವುದು ಕನಿಷ್ಠ ಶೇ 10 ಹಣ್ಣು, ಲಿಂಬುವಿಗೆ ಶೇ 5. ಹೊರಗೆ ಚಿತ್ರದಲ್ಲಿ ಮಾತ್ರ ಇಡೀ ಆಪೂಸು ರಸ ಸುರಿಸುತ್ತಿರುತ್ತದೆ.

ದೊಡ್ಡ ಅಕ್ಷರದಾಗ ಒಂದ್ ಹಣ್ಣಿನ ಹೆಸರು, ಒಳಗ ಬ್ಯಾರೆ ಹಣ್ಣು. ಹಿಂಗೂ ಮಾಡ್ತಾರಾ?

ಮಾಡುತ್ತಾರೆ. ಅಮೆರಿಕದ ಸುಪ್ರೀಂ ಕೋರ್ಟಿನ ತನಕ 2014ರಲ್ಲಿ ಒಂದು ಜಗಳ ಹೋಗಿತ್ತು. ಕೋಕಾ ಕೋಲಾದವರ ಒಂದು ಜ್ಯೂಸಿನ ಮೇಲೆ ದಾಳಿಂಬೆ, ಬ್ಲೂಬೆರಿ ಅಂತ ದೊಡ್ಡದಾಗಿ ಇತ್ತು. ಒಳಗೆ ಇದ್ದ ದಾಳಿಂಬೆ ಶೇ 0.3, ಬ್ಲೂಬೆರಿ ಶೇ 0.2. ಉಳಿದದ್ದು ಹೆಚ್ಚೂಕಮ್ಮಿ ಎಲ್ಲ ಸೇಬು, ದ್ರಾಕ್ಷಿಯ ರಸ. ದಾವೆ ಹೂಡಿದ್ದು ಪಾಮ್ ವಂಡರ್‌ಫುಲ್ ಅನ್ನುವ ದಾಳಿಂಬೆ ಜ್ಯೂಸಿನ ಕಂಪನಿ. ಆ ದಾವೆ ನಡೆಯಬಹುದು ಅಂತ ಕೋರ್ಟು ಹೇಳಿತು. ತಮಾಷೆ ಅಂದರೆ ಆ ದಾಳಿಂಬೆ ಕಂಪನಿಯೂ ಸಾಚಾ ಅಲ್ಲ. ನಮ್ಮ ಜ್ಯೂಸು ಹೃದಯದ ಕಾಯಿಲೆ ತಡೆಯುತ್ತದೆ ಎಂಬಂಥ ಜಾಹೀರಾತು ಕೊಟ್ಟು ಅದೂ ಅಲ್ಲಿನ ವ್ಯಾಪಾರ ಆಯೋಗದ ಕೈಗೆ ಸಿಕ್ಕಿಬಿದ್ದಿತ್ತು.

ಪದಾರ್ಥಗಳ ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಮೊದಲ ಮೂರು ಹೆಸರು ಓದಿದರೆ ಸಾಕು.

ನಮ್ಮ ಸಂಬಂಧಿಕ್ರು ನೋನಿ ಜ್ಯೂಸ್ ತಗೋ ಅಂತ ಬೆನ್ನ ಹತ್ಯಾರ. ವಾಸನಿ ತಡಿಯಾಕಾಗೂದಿಲ್ಲ. ತಗೊಳ್ಳೂದಾ?

ಆ ವಾಸನೆ ಕೆಟ್ಟುಹೋದದ್ದಕ್ಕೆ ಬಂದದ್ದಲ್ಲ. ಮಾಗಿದ ನೋನಿ ಹಣ್ಣೇ ಹಾಗೆ. ಅದರಲ್ಲಿರುವ ಕೊಬ್ಬಿನ ಆಮ್ಲಗಳಿಂದ ಹಳೆಯ ಚೀಸಿನಂಥ ನಾತ ಬರುತ್ತದೆ. ಇಂಗ್ಲಿಷಿನವರು ಅದನ್ನು ಚೀಸ್ ಫ್ರೂಟ್ ಅಂತಲೇ ಕರೆಯುತ್ತಾರೆ.

ಇಷ್ಟು ಕೆಟ್ಟ ರುಚಿಯ ಜ್ಯೂಸು ಇಷ್ಟು ದುಡ್ಡಿಗೆ ಹೇಗೆ ಹೋಗುತ್ತದೆ ಅಂತ ನಾನು ತುಂಬ ಯೋಚಿಸಿದ್ದೇನೆ. ಕಹಿ ಇದ್ದರೆ ಔಷಧಿ ಅನ್ನುವ ನಮ್ಮ ಹಳೇ ನಂಬಿಕೆ ಅಲ್ಲಿ ಕೆಲಸ ಮಾಡುತ್ತದೆ. ಹಾಗಲಕಾಯಿ, ಬೇವು, ಕಷಾಯ ಕುಡಿದು ಬೆಳೆದ ನಾಲಿಗೆ ಕೆಟ್ಟ ರುಚಿಯನ್ನೇ ಶಕ್ತಿಯ ಗುರುತು ಅಂದುಕೊಳ್ಳುತ್ತದೆ. ಜೊತೆಗೆ ಗ್ಲಾಸಿನಲ್ಲಿ ಕುಡಿಯುವುದಿಲ್ಲ, ಮುಚ್ಚಳದಲ್ಲಿ ಅಳೆದು ಕುಡಿಯುತ್ತಾರೆ. ಮುಚ್ಚಳ ಬಂದ ಕೂಡಲೇ ಅದು ಜ್ಯೂಸು ಅನ್ನುವುದು ಮರೆತುಹೋಗಿ ಔಷಧಿ ಆಗುತ್ತದೆ. ಔಷಧಿಗೆ ಯಾರು ರುಚಿ ಕೇಳುತ್ತಾರೆ? ಮಾರುವವರು ನೆಂಟರು, ಬೇಡ ಅನ್ನುವುದೂ ಕಷ್ಟ.

ಯುರೋಪಿನಲ್ಲಿ 2003ರಲ್ಲಿ ನೋನಿ ಜ್ಯೂಸಿಗೆ ಒಪ್ಪಿಗೆ ಸಿಕ್ಕಿತು. ಸಿಕ್ಕಿದ್ದು ಆಹಾರ ಅಂತ, ಔಷಧಿ ಅಂತ ಅಲ್ಲ. ಕಿಡ್ನಿ ತೊಂದರೆ ಇರುವವರು ದೂರ ಇರಿ, ಅದರಲ್ಲಿ ಪೊಟ್ಯಾಸಿಯಂ ಇದೆ. ಅವರಿಗೆ ಇನ್ನೂ ದೊಡ್ಡ ಎಚ್ಚರಿಕೆ ನಕ್ಷತ್ರದ ಆಕಾರದ ಕಮರಾಕ್ಷಿ ಹಣ್ಣಿನದು. ಕಿಡ್ನಿ ಕೆಟ್ಟವರ ಮೈಯಲ್ಲಿ ಅದರ ವಿಷ ಹೊರಹೋಗದೆ ಮೆದುಳಿಗೆ ಏರುತ್ತದೆ. ಸಾವು ಸಂಭವಿಸಿದ್ದೂ ಇದೆ.

## ಮಾಡುವವರು ಕೇಳಿದ್ದು

ಅಮೆಜಾನ್ ಕಾಡಿನ ಅಸಾಯಿ ಹಣ್ಣಿನ ಮ್ಯಾಲೆ ಎಷ್ಟ್ ಬರದಾರ! ಅದರಿಂದ ನಮಗೇನ್ರೀ?

ಹಣ್ಣಿನಿಂದ ಏನೂ ಇಲ್ಲ, ಅದು ನಮ್ಮಲ್ಲಿಗೆ ಬರುವಾಗ ಹೆಚ್ಚಾಗಿ ಪುಡಿಯಾಗಿ ಬರುತ್ತದೆ. ಅದರ ಜ್ಯೂಸಿನ ಮೇಲೆ ಬೆಲ್ಜಿಯಂನಲ್ಲಿ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನದಿಂದ ಮಾತ್ರ ಕಲಿಯುವುದು ಇದೆ.

ಅಸಾಯಿ ಒಂದು ತಾಳೆ ಜಾತಿಯ ಮರದ ಕಡು ನೇರಳೆ ಬಣ್ಣದ ಹಣ್ಣು. ಸಿಹಿ ಇಲ್ಲ, ಮಣ್ಣಿನಂಥ, ಎಣ್ಣೆಯಂಥ ರುಚಿ. ಬ್ರೆಜಿಲ್ಲಿನ ಪಾರಾ ಸೀಮೆಯಲ್ಲಿ ಅದನ್ನು ಮೀನು, ಮರಗೆಣಸಿನ ಹಿಟ್ಟಿನ ಜೊತೆ ಉಣ್ಣುತ್ತಾರೆ, ನಮ್ಮ ರೊಟ್ಟಿ ಪಲ್ಯದ ಹಾಗೆ. ಬೆಲ್ಜಿಯಂನವರಿಗೆ ಅದು ಹೊಸದು. ಅಸಾಯಿ ಕಡಿಮೆ ಇರುವ ಒಂದು ಜ್ಯೂಸು, ಜಾಸ್ತಿ ಇರುವ ಒಂದು ಜ್ಯೂಸು ಕೊಟ್ಟು, ಆರೋಗ್ಯದ ಮಾತು ಸೇರಿಸಿದಾಗ ಏನಾಗುತ್ತದೆ ಅಂತ ನೋಡಿದರು. ‘ಇದು ಆರೋಗ್ಯಕ್ಕೆ ಒಳ್ಳೆಯದು’ ಅನ್ನುವ ಭಾವನೆ ಏರಿತು, ಅದೂ ಒಂದು ಮಿತಿಯಲ್ಲಿ. ಆರೋಗ್ಯದ ಬಗ್ಗೆ ತಲೆಕೆಡಿಸಿಕೊಳ್ಳುವವರು ರುಚಿಯಲ್ಲಿ ಸ್ವಲ್ಪ ಬಿಟ್ಟುಕೊಡಲು ಸಿದ್ಧ ಇದ್ದರು. ಆದರೆ ಅವರೂ ಕೊನೆಗೆ ಮೆಚ್ಚಿದ್ದು ರುಚಿ ಇದ್ದ ಜ್ಯೂಸನ್ನೇ. ಹೆಂಗಸರು, ವಯಸ್ಸಾದವರು ಆರೋಗ್ಯದ ಮಾತಿಗೆ ಜಾಸ್ತಿ ಒಲಿದರು.

ನನ್ನ ವ್ಯಾಪಾರ ನಿಂತಿರುವುದೂ ಈ ಲೆಕ್ಕದ ಮೇಲೆಯೇ. ಆರೋಗ್ಯದ ಮಾತು ಮೊದಲ ಬಾಟಲಿ ಮಾರಿಸುತ್ತದೆ, ಎರಡನೆಯದನ್ನು ನಾಲಿಗೆ ನೋಡಿಕೊಳ್ಳುತ್ತದೆ.

ಡ್ರ್ಯಾಗನ್ ಹಣ್ಣು ಬೆಳದೀವಿ, ಜ್ಯೂಸೂ ಮಾಡೀವಿ. ಬಣ್ಣ ನೋಡೇ ಮಂದಿ ಹಿಂದ ಸರೀತಾರ. ವಿಟಮಿನ್ ಪಟ್ಟಿ ಹಚ್ಚಲೇನು?

ಪಟ್ಟಿ ಹಚ್ಚಿದರೆ ಅಂಥವರು ಬರುವುದಿಲ್ಲ. ಹೊಸ ತಿನಿಸು ಕಂಡರೆ ಅಳುಕುವ ಸ್ವಭಾವ ಕೆಲವರಿಗೆ ಇರುತ್ತದೆ. ಅದನ್ನು ಅಳೆಯಲು ಹತ್ತು ವಾಕ್ಯಗಳ ಒಂದು ಪಟ್ಟಿಯನ್ನು ಪ್ಲೈನರ್, ಹಾಬ್ಡೆನ್ ಅನ್ನುವ ಇಬ್ಬರು 1992ರಲ್ಲೇ ಮಾಡಿದ್ದಾರೆ. ಈಗ ಹೇಳಿದ ಬೆಲ್ಜಿಯಂ ಅಧ್ಯಯನದಲ್ಲೂ ಇಂಥ ಅಳುಕಿನವರು ಎರಡೂ ಜ್ಯೂಸಿಗೆ ಕಡಿಮೆ ಅಂಕ ಕೊಟ್ಟರು. ಅಳುಕಿಗೆ ಮದ್ದು ಪರಿಚಯ. ಲಿಂಬು ಶರಬತ್ತಿಗೆ ಸ್ವಲ್ಪ ಡ್ರ್ಯಾಗನ್ ರಸ ಬೆರೆಸಿ, ‘ಗುಲಾಬಿ ಲಿಂಬು’ ಅಂತ ಕರೆಯಿರಿ. ಪರಿಚಯದ ಲಿಂಬುವೇ ಮುಂದೆ ಇರಲಿ. ಅಡ್ಡಹೆಸರಿನ ಕೆಳಗೆ ಒಳಗೇನಿದೆ ಅಂತ ಸರಿಯಾಗಿ ಬರೆಯುವುದು ಮರೆಯಬೇಡಿ. ನಾವು ಮೊದಲ ವರ್ಷ ತಟ್ಟೆಯಲ್ಲಿ ಹೋಳು ಇಟ್ಟು, ಅದನ್ನು ತಿಂದವರಿಗೆ ಮಾತ್ರ ಜ್ಯೂಸ್ ಕೊಡುತ್ತಿದ್ದೆವು. ನಿಧಾನದ ಕೆಲಸ, ಆದರೆ ಉಗುಳುವವರು ಕಡಿಮೆ ಆದರು.

ಸಂಘದಾಗ ಪೇರಲ ಸ್ಕ್ವಾಷ್ ಮಾಡ್ತೀವಿ. ಬಾಟ್ಲಿ ಮ್ಯಾಲೆ ಏನಂತ ಬರದ್ರ ನಡೀತೈತಿ?

ಸ್ಕ್ವಾಷ್ ಅಂತ ಕರೆಯಲು ಕನಿಷ್ಠ ಶೇ 25 ಹಣ್ಣಿನ ರಸ ಇರಬೇಕು, ಮೊದಲು ಅದನ್ನು ನೋಡಿಕೊಳ್ಳಿ. ಆರೋಗ್ಯದ ಮಾತಿಗೆ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮ ಇದೆ. ‘ತಾಜಾ’ ಅಂತ ಬರೆಯಬೇಡಿ. ತೊಳೆದು, ಸುಲಿದು, ಹೆಚ್ಚಿ, ತಂಪಾಗಿಟ್ಟದ್ದಕ್ಕೆ ಮಾತ್ರ ಆ ಪದ ಸಲ್ಲುತ್ತದೆ. ಕಾಯಿಸಿ ಬಾಟಲಿಗೆ ತುಂಬಿದ್ದು ತಾಜಾ ಅಲ್ಲ. ‘ಕಡಿಮೆ ಸಕ್ಕರೆ’ ಅನ್ನಬೇಕಾದರೆ 100 ಮಿಲಿಯಲ್ಲಿ 2.5 ಗ್ರಾಂ ದಾಟಬಾರದು. ಸ್ಕ್ವಾಷಿನಲ್ಲಿ ಅದು ಕನಸಿನ ಮಾತು. ರೋಗ ತಡೆಯುತ್ತದೆ, ವಾಸಿ ಮಾಡುತ್ತದೆ ಅಂತಂತೂ ಬರೆಯಲೇಬೇಡಿ.

ಏನು ಉಳಿಯಿತು ಅಂತ ಸಂಘದವರು ಮುಖ ಸಣ್ಣ ಮಾಡಿದರು. ಊರಿನ ಹೆಸರು ಉಳಿಯಿತಲ್ಲ! ‘ಧಾರವಾಡದ ಪೇರಲ’ ಅನ್ನುವುದೇ ಅರ್ಧ ಕೆಲಸ ಮಾಡುತ್ತದೆ. ಕನ್ನಡದಲ್ಲೂ ಬರೆಯಿರಿ. ಹೊಗಳಿಕೆ ದೊಡ್ಡ ಅಕ್ಷರದಲ್ಲಿ, ಸಕ್ಕರೆಯ ಲೆಕ್ಕ ಇರುವೆಯಷ್ಟು ಅಕ್ಷರದಲ್ಲಿ ಇರುವ ಬಾಟಲಿ ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಕಾಲೇಜ್ ಪ್ರಾಜೆಕ್ಟಿಗೆ ಜ್ಯೂಸ್ ರುಚಿ ಪರೀಕ್ಷೆ ಮಾಡಬೇಕು. ಆರೋಗ್ಯದ ಮಾತಿನ ಪರಿಣಾಮ ಹ್ಯಾಂಗ ತಿಳ್ಕೊಳ್ಳೂದು?

ಮೂರು ಸಲ ಕೇಳಬೇಕು. ಮೊದಲು ಏನೂ ಹೇಳದೆ ಕುಡಿಸಿ ಅಂಕ ಕೇಳಿ. ಆಮೇಲೆ ಕುಡಿಸದೆ ಬರೀ ಲೇಬಲ್ ತೋರಿಸಿ, ಹೇಗಿರಬಹುದು ಅಂತ ಕೇಳಿ. ಕೊನೆಗೆ ಲೇಬಲ್ ತೋರಿಸಿ ಕುಡಿಸಿ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವೇ ಮಾತಿನ ಪರಿಣಾಮ. ಮಧ್ಯದ್ದು ಯಾಕೆ? ನಿರೀಕ್ಷೆ ರುಚಿಯ ಹತ್ತಿರ ಇದ್ದರೆ ನಾಲಿಗೆ ನಿರೀಕ್ಷೆಯ ಕಡೆ ವಾಲುತ್ತದೆ. ತೀರಾ ದೂರ ಇದ್ದರೆ ಉಲ್ಟಾ ಹೊಡೆಯುತ್ತದೆ, ಮೋಸ ಹೋದೆ ಅನ್ನಿಸಿ ಇರುವುದಕ್ಕಿಂತ ಕಡಿಮೆ ಅಂಕ ಬೀಳುತ್ತದೆ. ಅಮೃತ ಅಂತ ಬರೆದು ಒಗರು ಕುಡಿಸಿದರೆ ಆಗುವುದು ಇದೇ.

ಅಂಕಕ್ಕೆ ಒಂಬತ್ತು ಮೆಟ್ಟಿಲಿನ ಮಾಪಕ ಬಳಸಿ. ಒಂಬತ್ತು ಅಂದರೆ ಬಹಳ ಇಷ್ಟ, ಐದು ಅಂದರೆ ಹಾಗೂ ಇಲ್ಲ ಹೀಗೂ ಇಲ್ಲ, ಒಂದು ಅಂದರೆ ಬಿಲ್ಕುಲ್ ಬೇಡ. ಲೋಟಕ್ಕೆ ‘ಎ’, ‘ಬಿ’ ಅಂತ ಬರೆಯಬೇಡಿ, ‘ಎ’ ಮೇಲು ಅಂತ ಜನ ಅಂದುಕೊಳ್ಳುತ್ತಾರೆ. 471, 826 ಹೀಗೆ ಮೂರಂಕಿಯ ಸಂಖ್ಯೆ ಹಾಕಿ. ಯಾವುದು ಮೊದಲು ಅನ್ನುವುದನ್ನು ಒಬ್ಬೊಬ್ಬರಿಗೆ ಬದಲಿಸಿ. ಮಧ್ಯೆ ನೀರು ಕುಡಿಸಿ. ಮಿರ್ಚಿ ತಿಂದು ಬಂದವರನ್ನು ವಾಪಸ್ ಕಳಿಸಿ.

ಮೋಸಂಬಿ ಆರಿಸಿಕೊಂಡರೆ ಹಿಂಡಿದ ಕೂಡಲೇ ಕುಡಿಸಿ. ಇಟ್ಟರೆ ಲಿಮೋನಿನ್ ಅನ್ನುವ ಕಹಿ ಹುಟ್ಟುತ್ತದೆ. ಮೊದಲು ಕುಡಿದವರಿಗೆ ಸಿಹಿ, ಒಂದೆರಡು ತಾಸಿನ ಮೇಲೆ ಬಂದವರಿಗೆ ಕಹಿ ಆದರೆ ನೀವು ಅಳೆದದ್ದು ಗಡಿಯಾರವನ್ನು.

ಮೇಳದಾಗ ಎಲ್ಲಾರೂ ಚಲೋ ಐತಿ ಅಂದ್ರು. ಅಂಗಡಿಗಿಟ್ರ ಎರಡನೇ ಬಾಟ್ಲಿ ಯಾರೂ ಒಯ್ಯಲಿಲ್ಲ. ಯಾಕ?

ಮೊದಲನೆಯದು, ನಮ್ಮ ಮಂದಿ ಮುಖದ ಮೇಲೆ ಬೇಡ ಅನ್ನುವುದಿಲ್ಲ. ಪುಕ್ಕಟೆ ಕುಡಿಸಿದವರಿಗೆ ಚಲೋ ಇಲ್ಲ ಅಂತ ಯಾರು ಹೇಳುತ್ತಾರೆ? ಎರಡನೆಯದು, ಸಣ್ಣ ಲೋಟದ ಒಂದು ಗುಟುಕಿಗೆ ಜಾಸ್ತಿ ಸಿಹಿ ಗೆಲ್ಲುತ್ತದೆ, ಇಡೀ ಗ್ಲಾಸಿಗೆ ಅದೇ ಸಿಹಿ ಮುಖ ಹೊಡೆಯುತ್ತದೆ. ಮೂರನೆಯದು, ಆರೋಗ್ಯದ ಉಮೇದು ಬೇಗ ಇಳಿಯುತ್ತದೆ. ಬೆಲ್ಜಿಯಂನಲ್ಲೇ 2001ರಲ್ಲಿ ಮತ್ತು 2004ರಲ್ಲಿ ಜನರನ್ನು ಕೇಳಿದ್ದರು: ಆರೋಗ್ಯದ ಆಹಾರ ರುಚಿಯಲ್ಲಿ ಮಾಮೂಲಿಗಿಂತ ಕಡಿಮೆ ಇದ್ದರೂ ತಿನ್ನುತ್ತೀರಾ ಅಂತ. ಮೂರೇ ವರ್ಷದಲ್ಲಿ ಹೂಂ ಅನ್ನುವವರು ಕಡಿಮೆಯಾಗಿದ್ದರು.

ಹಾಗಾಗಿ ನಾನು ಈಗ ಹೇಗಿದೆ ಅಂತ ಕೇಳುವುದೇ ಬಿಟ್ಟಿದ್ದೇನೆ. ಖಾಲಿ ಗಾಜಿನ ಬಾಟಲಿ ವಾಪಸ್ ತಂದರೆ ಐದು ರೂಪಾಯಿ ಕೊಡುತ್ತೇನೆ. ಯಾವುದು ಎಷ್ಟು ದಿನಕ್ಕೆ ಬರುತ್ತದೆ ಅಂತ ಚೀಟಿಯಲ್ಲಿ ಬರೆದಿಡುತ್ತೇನೆ. ಆಪೂಸಿನ ಬಾಟಲಿಗಳು ವಾರದೊಳಗೆ ಬಂದವು, ತೊಳೆದುಕೊಂಡೇ ತಂದಿದ್ದರು. ಮೇಳದಲ್ಲಿ ಎಲ್ಲರೂ ಹೊಗಳಿದ ನೆಲ್ಲಿಕಾಯಿಯದು ಎರಡು ತಿಂಗಳಾದ ಮೇಲೆ ನಾಲ್ಕು ಬಂದವು. ಅದರಲ್ಲಿ ಮೂರರಲ್ಲಿ ಅರ್ಧ ಜ್ಯೂಸು ಹಾಗೇ ಇತ್ತು.